ಡಿಸ್ಕ್ ಇಲ್ಲದೆ ಲಿನಕ್ಸ್ ಲ್ಯಾಬ್: ನೆಟ್‌ವರ್ಕ್ ಬೂಟ್ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ 24 ಹಳೆಯ ಕಂಪ್ಯೂಟರ್‌ಗಳಿವೆ. ಹೆಚ್ಚಿನವಕ್ಕೆ 4 ಜಿಬಿ ರ‍್ಯಾಮ್ ಇದೆ. ಹಾರ್ಡ್ ಡಿಸ್ಕ್‌ಗಳು ಒಂದೊಂದಾಗಿ ಕೈಕೊಡುತ್ತಿವೆ. ಅದಕ್ಕೇ ಎಲ್ಲವನ್ನೂ ಥಿನ್ ಕ್ಲೈಂಟ್ ಮಾಡಿ, ಒಂದು ಸರ್ವರ್‌ನಿಂದ ಲಿನಕ್ಸ್ ಬೂಟ್ ಮಾಡಿಸೋಣ ಎಂದುಕೊಂಡೆ. ಈಗ ಕೆಲವು ಮೆಷಿನ್‌ಗಳಲ್ಲಿ ನೆಟ್‌ವರ್ಕ್ ಬೂಟ್ ಮಾಡಿಸುವ ಪಿಎಕ್ಸ್‌ಇ ಪ್ರೋಗ್ರಾಮ್ ‘ಪಿಎಕ್ಸ್‌ಇ-ಇ53’ ಎಂದು ಹೇಳಿ ನಿಲ್ಲುತ್ತದೆ. ಸ್ವಲ್ಪ ಹೊಸದಾದ ಎರಡು ಮೆಷಿನ್‌ಗಳು ಏನೂ ಹೇಳದೆ ವಾಪಸ್ ಬೂಟ್ ಮೆನುಗೆ ಹೋಗುತ್ತವೆ. ಇನ್ನು ಕೆಲವು ಕರ್ನಲ್ ಲೋಡ್ ಆದ ಮೇಲೆ ಅಲ್ಲೇ ನಿಂತುಬಿಡುತ್ತವೆ. ಐಪಿ ವಿಳಾಸ ಕೊಡುವುದು ರೂಟರ್, ಅದರ ಸೆಟ್ಟಿಂಗ್ ನನ್ನ ಕೈಯಲ್ಲಿಲ್ಲ. ಸರ್ವರ್ ಎಷ್ಟು ದೊಡ್ಡದಿರಬೇಕು ಅನ್ನುವುದೂ ಗೊತ್ತಾಗುತ್ತಿಲ್ಲ.

ಉತ್ತರ: ನೀವು ಹೇಳಿರುವ ಮೂರೂ ತೊಂದರೆಗಳು ಬೇರೆ ಬೇರೆ. ಮೂರಕ್ಕೂ ಸೇರಿ ಒಂದು ಮದ್ದು ಹುಡುಕಬೇಡಿ. ನೆಟ್‌ವರ್ಕ್ ಬೂಟ್ ಅಂದರೆ ಒಂದು ಕೆಲಸ ಅಲ್ಲ, ಒಂದರ ಹಿಂದೆ ಒಂದು ನಡೆಯುವ ಐದಾರು ಚಿಕ್ಕ ಕೆಲಸಗಳು. ಮೆಷಿನ್ ಐಪಿ ಕೇಳುತ್ತದೆ. ಬೂಟ್ ಫೈಲ್ ಎಲ್ಲಿದೆ ಅಂತ ಕೇಳುತ್ತದೆ. ಆ ಫೈಲ್ ತರಿಸಿಕೊಳ್ಳುತ್ತದೆ. ಆ ಫೈಲ್ ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತು ಇನಿಟ್‌ಆರ್‌ಡಿಯನ್ನು (ಶುರುವಿಗೆ ಬೇಕಾದ ಡ್ರೈವರ್‌ಗಳ ಚಿಕ್ಕ ಕಂತೆ) ತರುತ್ತದೆ. ಕರ್ನಲ್ ಮತ್ತೆ ಹೊಸದಾಗಿ ಐಪಿ ಕೇಳಿ, ಲಿನಕ್ಸ್‌ನ ಎಲ್ಲ ಫೈಲ್‌ಗಳಿರುವ ರೂಟ್ ಫೈಲ್‌ಸಿಸ್ಟಮ್ ಅನ್ನು ಮೌಂಟ್ ಮಾಡುತ್ತದೆ, ಅಂದರೆ ಜೋಡಿಸಿಕೊಳ್ಳುತ್ತದೆ. ಪ್ರತಿ ಹಂತದಲ್ಲೂ ಕೆಲಸ ಮಾಡುವ ಸಾಫ್ಟ್‌ವೇರ್ ಬೇರೆ, ಅದು ಸೋಲುವ ರೀತಿಯೂ ಬೇರೆ. ಎಲ್ಲಿ ನಿಂತಿತು ಅಂತ ಖಚಿತವಾದರೆ ಅರ್ಧ ರಿಪೇರಿ ಆದಂತೆ.

ಆದರೆ ಅದಕ್ಕೂ ಮೊದಲು ಒಂದು ತೀರ್ಮಾನ ಆಗಬೇಕು. ಪ್ರೋಗ್ರಾಮ್‌ಗಳು ಓಡುವುದು ಎಲ್ಲಿ? ಸರ್ವರ್‌ನಲ್ಲೋ, ಮುಂದೆ ಕೂತವರ ಮೆಷಿನ್‌ನಲ್ಲೋ?

ನಿಜವಾದ ಥಿನ್ ಕ್ಲೈಂಟ್‌ನಲ್ಲಿ ಬ್ರೌಸರ್, ಆಫೀಸ್ ಎಲ್ಲವೂ ಸರ್ವರ್‌ನಲ್ಲಿ ಓಡುತ್ತವೆ. ಕ್ಲೈಂಟ್‌ಗೆ ಬರುವುದು ಪರದೆಯ ಚಿತ್ರ ಮಾತ್ರ. ಒಂದು ಕಾಲದಲ್ಲಿ ಇದು ತುಂಬಾ ಒಳ್ಳೆಯ ಉಪಾಯವಾಗಿತ್ತು. ಈಗಿನ ಬ್ರೌಸರ್‌ಗೆ ಹೊಂದುವುದಿಲ್ಲ. ಲೆಕ್ಕ ಹಾಕಿ ನೋಡಿ. 1920 ಗುಣಿಸು 1080 ಪರದೆ, ಒಂದು ಪಿಕ್ಸೆಲ್‌ಗೆ 4 ಬೈಟ್ ಅಂದರೆ ಒಂದು ಫ್ರೇಮ್‌ಗೆ ಸುಮಾರು 8.3 ಎಂಬಿ. ಸೆಕೆಂಡಿಗೆ 25 ಫ್ರೇಮ್ ಅಂದರೆ 207 ಎಂಬಿ. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಹೋಗುವುದೇ ಜಾಸ್ತಿ ಅಂದರೆ 125 ಎಂಬಿ. ಒಬ್ಬರು ಒಂದು ವಿಡಿಯೋ ತುಂಬು ಪರದೆಯಲ್ಲಿ ನೋಡಿದರೆ ಸರ್ವರ್‌ನ ಪೂರ್ತಿ ಕೇಬಲ್ಲೇ ಸಾಲದು. ಸರ್ವರ್‌ನ ಪರದೆಯನ್ನು ದೂರಕ್ಕೆ ಕಳಿಸುವ ಆರ್‌ಡಿಪಿ, ಎಕ್ಸ್‌ಟುಗೋ ತರಹದವು ಚಿತ್ರವನ್ನು ಕುಗ್ಗಿಸಿ ಕಳಿಸುತ್ತವೆ, ನಿಜ. ಆದರೆ ಆ ಕುಗ್ಗಿಸುವ ಕೆಲಸ ಸರ್ವರ್‌ನ ಪ್ರೊಸೆಸರ್ ತಲೆಯ ಮೇಲೇ ಬೀಳುತ್ತದೆ. ಜೊತೆಗೆ 24 ಜನರ ಬ್ರೌಸರ್‌ಗೆ ತಲಾ 2 ಜಿಬಿ ಅಂದರೂ 48 ಜಿಬಿ ರ‍್ಯಾಮ್ ಬೇಕು.

ನಿಮ್ಮ ಮೆಷಿನ್‌ಗಳಿಗೆ ಕೆಟ್ಟಿರುವುದು ಡಿಸ್ಕ್ ಮಾತ್ರ. ಪ್ರೊಸೆಸರ್, ರ‍್ಯಾಮ್ ಎರಡೂ ಚೆನ್ನಾಗಿಯೇ ಇವೆ ಅಲ್ವಾ? ಅವನ್ನು ಸುಮ್ನೆ ಕೂರಿಸಬೇಡಿ. ಬೂಟ್ ಮತ್ತು ಫೈಲ್‌ಗಳು ಸರ್ವರ್‌ನಿಂದ ಬರಲಿ, ಪ್ರೋಗ್ರಾಮ್ ಅಲ್ಲಲ್ಲೇ ಓಡಲಿ. ಇದನ್ನು ಫ್ಯಾಟ್ ಕ್ಲೈಂಟ್ ಅಥವಾ ಡಿಸ್ಕ್‌ಲೆಸ್ ಕ್ಲೈಂಟ್ ಅನ್ನುತ್ತಾರೆ. 1999ರಲ್ಲಿ ಜಿಮ್ ಮೆಕ್‌ಕ್ವಿಲನ್ ಶುರು ಮಾಡಿದ ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಹುಟ್ಟಿದ್ದೇ ಥಿನ್ ಕ್ಲೈಂಟ್‌ಗಾಗಿ. 2019ರಲ್ಲಿ ಅದನ್ನು ಮೊದಲಿನಿಂದ ಹೊಸದಾಗಿ ಬರೆದಾಗ ಅದೂ ಈ ದಾರಿಗೇ ಬಂತು. ನಿಮಗೂ ನಾನು ಹೇಳುವುದು ಅದನ್ನೇ. 4 ಜಿಬಿ ಸಾಕು. 2 ಜಿಬಿ ಇರುವ ಮೆಷಿನ್ ಇದ್ದರೆ ಜ಼ೆಡ್‌ರ‍್ಯಾಮ್ (ರ‍್ಯಾಮ್‌ನಲ್ಲಿರುವುದನ್ನು ಕುಗ್ಗಿಸಿ ಜಾಗ ಉಳಿಸುವ ವ್ಯವಸ್ಥೆ) ಹಾಕಿ, ಹಗುರವಾದ ಡೆಸ್ಕ್‌ಟಾಪ್ ಕೊಡಿ. ರ‍್ಯಾಮ್ ಸಾಲದಾಗ ಬಳಸುವ ಸ್ವಾಪ್ ಜಾಗವನ್ನು ಮಾತ್ರ ನೆಟ್‌ವರ್ಕ್ ಮೇಲೆ ಇಡಬೇಡಿ. 32 ಬಿಟ್ ಪ್ರೊಸೆಸರ್‌ನ ಮೆಷಿನ್ ಇದ್ದರೆ ಅದನ್ನು ಈ ಗುಂಪಿನಿಂದ ಹೊರಗಿಡುವುದೇ ಒಳ್ಳೆಯದು. 2025ರಲ್ಲಿ ಬಂದ ಡೆಬಿಯನ್ 13 ಅಂಥ ಪಿಸಿಗಳಿಗೆ ಕರ್ನಲ್ ಕೊಡುವುದನ್ನೇ ನಿಲ್ಲಿಸಿದೆ.

ಈಗ ಇ53ಕ್ಕೆ ಬರೋಣ.

ಈ ಸಂದೇಶದ ಅರ್ಥ ಇಷ್ಟೇ: ಐಪಿ ಸಿಕ್ಕಿತು, ಆದರೆ ಬೂಟ್ ಫೈಲ್‌ನ ಹೆಸರು ಯಾರೂ ಹೇಳಲಿಲ್ಲ. ಐಪಿಯೇ ಸಿಗದಿದ್ದರೆ ಇ51 ಬರುತ್ತಿತ್ತು. ಹೆಸರು ಸಿಕ್ಕಿಯೂ ಟಿಎಫ್‌ಟಿಪಿ ಸರ್ವರ್ (ಬೂಟ್ ಫೈಲ್ ಕಳಿಸುವ ಸರ್ವರ್) ಉತ್ತರಿಸದಿದ್ದರೆ ಇ32. ಕೇಬಲ್ಲೇ ಸರಿಯಿಲ್ಲದಿದ್ದರೆ ಇ61. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿಕೊಳ್ಳಿ.

ನಿಮ್ಮ ರೂಟರ್‌ಗೆ ಬೂಟ್ ಫೈಲ್ ಬಗ್ಗೆ ಏನೂ ಗೊತ್ತಿಲ್ಲ, ಅದರ ಸೆಟ್ಟಿಂಗ್ ನಿಮ್ಮ ಕೈಯಲ್ಲೂ ಇಲ್ಲ. ಎರಡನೇ ಡಿಎಚ್‌ಸಿಪಿ ಸರ್ವರ್, ಅಂದರೆ ಐಪಿ ಹಂಚುವ ಇನ್ನೊಂದು ಸರ್ವರ್, ಹಾಕುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಇಬ್ಬರೂ ಒಂದೇ ನೆಟ್‌ವರ್ಕ್‌ನಲ್ಲಿ ವಿಳಾಸ ಹಂಚಲು ಶುರು ಮಾಡಿದರೆ ಪಕ್ಕದ ಕೋಣೆಯ ಪ್ರಿಂಟರ್ ಕೂಡ ದಾರಿ ತಪ್ಪುತ್ತದೆ. ಇದಕ್ಕೇ ಅಂತ ಪ್ರಾಕ್ಸಿ ಡಿಎಚ್‌ಸಿಪಿ ಇದೆ. ಐಪಿಯನ್ನು ರೂಟರ್ ಕೊಡುತ್ತದೆ, ಬೂಟ್ ಫೈಲ್‌ನ ವಿಷಯವನ್ನು ಮಾತ್ರ ನಿಮ್ಮ ಸರ್ವರ್ ಹೇಳುತ್ತದೆ. ಮೆಷಿನ್ ಎರಡೂ ಉತ್ತರಗಳನ್ನು ಸೇರಿಸಿಕೊಳ್ಳುತ್ತದೆ. ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಮ್ ಇದನ್ನು ಚೆನ್ನಾಗಿ ಮಾಡುತ್ತದೆ, ಟಿಎಫ್‌ಟಿಪಿಯನ್ನೂ ಅದೇ ನೋಡಿಕೊಳ್ಳುತ್ತದೆ. ಎಲ್‌ಟಿಎಸ್‌ಪಿಯ ‘ಎಲ್‌ಟಿಎಸ್‌ಪಿ ಡಿಎನ್‌ಎಸ್‌ಮಾಸ್ಕ್’ ಕಮಾಂಡ್ ಬರೆದುಕೊಡುವ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ ಮೊದಲೇ ಆನ್ ಆಗಿರುತ್ತದೆ.

ಹಾಗಾದರೆ ಕೆಲವು ಮೆಷಿನ್‌ಗಳಿಗೆ ಮಾತ್ರ ಇ53 ಯಾಕೆ? ಅವು ಯಾವ ಸ್ವಿಚ್‌ಗೆ ಸೇರಿವೆ ನೋಡಿ. ಎಲ್ಲವೂ ಒಂದೇ ಸ್ವಿಚ್ ಅಥವಾ ಒಂದೇ ವಿಲ್ಯಾನ್‌ನಲ್ಲಿದ್ದರೆ (ಸ್ವಿಚ್ ಒಳಗೇ ಬೇರ್ಪಡಿಸಿದ ನೆಟ್‌ವರ್ಕ್) ಕಾರಣ ಅಲ್ಲೇ ಇದೆ. ಪ್ರಾಕ್ಸಿ ಉತ್ತರ ಕೊಡಬೇಕಾದರೆ ಮೆಷಿನ್‌ನ ಬ್ರಾಡ್‌ಕಾಸ್ಟ್ ಅದರ ಕಿವಿಗೆ ಬೀಳಬೇಕು. ಬೇರೆ ವಿಲ್ಯಾನ್ ಆದರೆ ಬೀಳುವುದಿಲ್ಲ. ಇನ್ನೊಂದು, ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಕಾವಲು ಇರುತ್ತದೆ. ನಂಬಿಕೆಯ ಪೋರ್ಟ್ ಅಂತ ಗುರುತು ಮಾಡದ ಕಡೆಯಿಂದ ಬರುವ ಡಿಎಚ್‌ಸಿಪಿ ಉತ್ತರಗಳನ್ನು ಅದು ಬೀಳಿಸಿಬಿಡುತ್ತದೆ. ರೂಟರ್ ಇರುವ ಪೋರ್ಟ್‌ಗೆ ನಂಬಿಕೆ ಇದೆ, ನಿಮ್ಮ ಸರ್ವರ್ ಕಡೆಯ ಪೋರ್ಟ್‌ಗೆ ಇಲ್ಲ ಅಂದರೆ ಸಿಗುವುದು ಇದೇ ಇ53.

ಊಹೆ ಮಾಡುತ್ತಾ ಕೂರಬೇಕಿಲ್ಲ. ಸರ್ವರ್‌ನಲ್ಲಿ ನೆಟ್‌ವರ್ಕ್‌ನ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, ಯುಡಿಪಿ ಪೋರ್ಟ್ 67, 68, 69 ಮತ್ತು 4011 ಮಾತ್ರ ತೋರಿಸುವಂತೆ ಹೇಳಿ. ಆಮೇಲೆ ಒಂದೇ ಒಂದು ಮೆಷಿನ್ ಆನ್ ಮಾಡಿ. ಮೊದಲು 0.0.0.0ಯ ಪೋರ್ಟ್ 68ರಿಂದ 255.255.255.255ರ ಪೋರ್ಟ್ 67ಕ್ಕೆ ಒಂದು ಪ್ಯಾಕೆಟ್ ಕಾಣಬೇಕು. ಅದು ಕಾಣಲಿಲ್ಲ ಅಂದರೆ ಮೆಷಿನ್‌ನ ಕೂಗು ನಿಮ್ಮ ಸರ್ವರ್‌ಗೆ ಕೇಳಿಸುತ್ತಲೇ ಇಲ್ಲ. ಕೇಬಲ್, ವಿಲ್ಯಾನ್ ನೋಡಿ. ಕಂಡರೂ ನಿಮ್ಮ ಸರ್ವರ್‌ನಿಂದ ಉತ್ತರ ಹೊರಡಲಿಲ್ಲ ಅಂದರೆ ಡಿಎನ್‌ಎಸ್‌ಮಾಸ್ಕ್ ಬೇರೆ ಇಂಟರ್‌ಫೇಸ್‌ನಲ್ಲಿ ಕೂತಿದೆ, ಇಲ್ಲವೇ ಫೈರ್‌ವಾಲ್ ಒಳಗೆ ಬಿಡುತ್ತಿಲ್ಲ. ಉತ್ತರ ಹೊರಟರೂ ಮೆಷಿನ್ ಇ53 ಅಂದರೆ ದಾರಿಯಲ್ಲಿ ಸ್ವಿಚ್ ತಡೆಯುತ್ತಿದೆ. ಎಲ್ಲ ಸರಿ ಇದ್ದರೆ 4011ರಲ್ಲಿ ಒಂದು ಮಾತುಕತೆ, ನಂತರ 69ಕ್ಕೆ ಫೈಲ್ ಕೇಳುವ ಪ್ಯಾಕೆಟ್ ಬರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಟಿಎಫ್‌ಟಿಪಿಯ ಕೋರಿಕೆ ಹೋಗುವುದು 69ಕ್ಕೆ, ಆದರೆ ಫೈಲ್‌ನ ಡೇಟಾ ಬರುವುದು ಬೇರೊಂದು ಪೋರ್ಟ್‌ನಿಂದ. ಫೈರ್‌ವಾಲ್‌ನಲ್ಲಿ 69 ಒಂದನ್ನೇ ತೆರೆದು ‘ಇನ್ನೂ ಇ32 ಬರುತ್ತಿದೆ’ ಅನ್ನುವವರು ಎಡವುವುದು ಇಲ್ಲೇ. ಲ್ಯಾಬಿನ ಒಳ ನೆಟ್‌ವರ್ಕ್‌ಗೆ ಯುಡಿಪಿಯನ್ನು ಪೂರ್ತಿ ತೆರೆಯಿರಿ, ಇಲ್ಲವೇ ಟಿಎಫ್‌ಟಿಪಿಯ ಕನೆಕ್ಷನ್ ಟ್ರ್ಯಾಕಿಂಗ್ ಸಹಾಯಕವನ್ನು ಹಾಕಿಕೊಳ್ಳಿ.

ಆ ಎರಡು ಹೊಸ ಮೆಷಿನ್‌ಗಳ ಕಥೆ ಬೇರೆ. ಅವು ಯುಇಎಫ್‌ಐ (ಹಳೆಯ ಬಯೋಸ್‌ನ ಜಾಗಕ್ಕೆ ಬಂದ, ಮೆಷಿನ್ ಶುರು ಮಾಡಿಸುವ ಫರ್ಮ್‌ವೇರ್) ಮೆಷಿನ್‌ಗಳು ಅಂತ ನನಗೆ ಹೆಚ್ಚುಕಮ್ಮಿ ಖಾತ್ರಿ. ಹಳೆಯ ಬಯೋಸ್‌ಗೆ ಕೊಡುವ ಬೂಟ್ ಫೈಲ್ ಯುಇಎಫ್‌ಐಗೆ ಆಗುವುದಿಲ್ಲ, ಅದರದ್ದು ಇದಕ್ಕೂ ಆಗುವುದಿಲ್ಲ. ಮೆಷಿನ್ ಐಪಿ ಕೇಳುವಾಗಲೇ ತಾನು ಯಾವ ಜಾತಿ ಅಂತ ಡಿಎಚ್‌ಸಿಪಿ ಆಪ್ಷನ್ 93ರಲ್ಲಿ ಹೇಳಿರುತ್ತದೆ. ಬಯೋಸ್ ಆದರೆ 0, 64 ಬಿಟ್ ಯುಇಎಫ್‌ಐ ಆದರೆ ಸಾಮಾನ್ಯವಾಗಿ 7, ಕೆಲವೊಮ್ಮೆ 9. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಡಿಎಚ್‌ಸಿಪಿ ಲಾಗ್ ಆನ್ ಮಾಡಿದರೆ ‘ಪಿಎಕ್ಸ್‌ಇ ಕ್ಲೈಂಟ್, ಆರ್ಕ್ 00007’ ಅನ್ನುವ ಸಾಲು ಕಾಣುತ್ತದೆ. ಈ ಸಂಖ್ಯೆ ನೋಡಿ ಬೇರೆ ಬೇರೆ ಫೈಲ್ ಕೊಡುವಂತೆ ಸೆಟ್ಟಿಂಗ್ ಬರೆಯಬೇಕು. 7ಕ್ಕೆ ಬರೆದು 9ನ್ನು ಮರೆಯಬೇಡಿ.

ಫೈಲ್ ಸರಿಯಾಗಿ ಹೋಗಿಯೂ ಮೆಷಿನ್ ಮಾತಿಲ್ಲದೆ ಮೆನುಗೆ ಮರಳಿದರೆ ಸೆಕ್ಯೂರ್ ಬೂಟ್ ಆನ್ ಇದೆಯಾ ನೋಡಿ. ಸಹಿ ಇಲ್ಲದ ಬೂಟ್ ಪ್ರೋಗ್ರಾಮ್ ಅನ್ನು ಅದು ಓಡಿಸುವುದಿಲ್ಲ. ಲ್ಯಾಬಿನ ಮೆಷಿನ್‌ಗಳಲ್ಲಿ ಅದನ್ನು ಆಫ್ ಮಾಡುವುದು ಸುಲಭದ ದಾರಿ. ಆಫ್ ಮಾಡುವ ಹಾಗಿಲ್ಲ ಅಂದರೆ ನಿಮ್ಮ ಡಿಸ್ಟ್ರೋ ಸಹಿ ಹಾಕಿ ಕೊಡುವ ಶಿಮ್ ಮತ್ತು ನೆಟ್‌ವರ್ಕ್ ಗ್ರಬ್ ಎಂಬ ಬೂಟ್ ಪ್ರೋಗ್ರಾಮ್‌ಗಳನ್ನು ಬಳಸಿ. ಕೆಲವು ಯುಇಎಫ್‌ಐ ಫರ್ಮ್‌ವೇರ್‌ಗಳಿಗೆ ಪ್ರಾಕ್ಸಿ ಡಿಎಚ್‌ಸಿಪಿಯೇ ಸರಿಯಾಗಿ ಅರ್ಥವಾಗುವುದಿಲ್ಲ. ಅಂಥದ್ದು ಗಂಟು ಬಿದ್ದರೆ ಅದರ ಜೊತೆ ಗುದ್ದಾಡಬೇಡಿ. ಸರ್ವರ್‌ಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ, ಲ್ಯಾಬನ್ನೇ ಬೇರೆ ನೆಟ್‌ವರ್ಕ್ ಮಾಡಿ, ಅಲ್ಲಿ ಐಪಿ ಕೊಡುವ ಕೆಲಸವನ್ನೂ ನಿಮ್ಮ ಸರ್ವರ್‌ಗೇ ವಹಿಸಿ. ರೂಟರ್‌ನ ಹಂಗೇ ಇರುವುದಿಲ್ಲ. ನನ್ನನ್ನು ಕೇಳಿದರೆ, ನಿಮ್ಮ ಲ್ಯಾಬ್‌ನ ಗಾತ್ರಕ್ಕೆ ಎರಡು ಕಾರ್ಡ್‌ನ ಸರ್ವರ್ ಎಲ್ಲದಕ್ಕಿಂತ ನೆಮ್ಮದಿಯ ವ್ಯವಸ್ಥೆ.

ಮೊದಲ ಬೂಟ್ ಫೈಲ್ ಆಗಿ ಐಪಿಎಕ್ಸ್‌ಇ ಎಂಬ ನೆಟ್‌ವರ್ಕ್ ಬೂಟ್ ಪ್ರೋಗ್ರಾಮ್ ಕೊಡಿ. ಅದು ಚಿಕ್ಕದು, ಟಿಎಫ್‌ಟಿಪಿಯಲ್ಲಿ ಚಕ್ ಅಂತ ಬರುತ್ತದೆ. ಬಂದ ಮೇಲೆ ದೊಡ್ಡ ಫೈಲ್‌ಗಳನ್ನು ಎಚ್‌ಟಿಟಿಪಿಯಲ್ಲಿ ತರಬಲ್ಲದು. ಇದು ಯಾಕೆ ಮುಖ್ಯ ಅಂದರೆ, ಮೂಲ ಟಿಎಫ್‌ಟಿಪಿ ಒಂದು ಸಲಕ್ಕೆ 512 ಬೈಟ್ ಕಳಿಸಿ, ‘ಬಂತು’ ಅನ್ನುವ ಉತ್ತರ ಸಿಗುವವರೆಗೂ ಕಾಯುತ್ತದೆ. ಕರ್ನಲ್ ಮತ್ತು ಇನಿಟ್‌ಆರ್‌ಡಿ ಸೇರಿ 100 ಎಂಬಿ ಅಂದುಕೊಳ್ಳಿ. ಅದು 2,04,800 ತುಂಡು. ಒಂದು ತುಂಡು ಹೋಗಿ ಉತ್ತರ ಬರಲು ಅರ್ಧ ಮಿಲಿಸೆಕೆಂಡ್ ಹಿಡಿದರೂ 100 ಸೆಕೆಂಡಿಗೂ ಜಾಸ್ತಿ ಆಯಿತು. ಬ್ಲಾಕ್ ಗಾತ್ರ ಹೆಚ್ಚಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಎಚ್‌ಟಿಟಿಪಿಯಲ್ಲಿ ಅದೇ 100 ಎಂಬಿ, ಖಾಲಿ ಇರುವ ಗಿಗಾಬಿಟ್‌ನಲ್ಲಿ ಒಂದೆರಡು ಸೆಕೆಂಡಿನ ಕೆಲಸ.

ಸೆಟ್ಟಿಂಗ್ ಅನ್ನು ಕೈಯಲ್ಲೇ ಬರೆಯುವುದಾದರೆ ಒಂದು ಸುಳಿ ಇದೆ, ನೋಡಿಕೊಳ್ಳಿ. ಐಪಿಎಕ್ಸ್‌ಇ ಬಂದ ಕೂಡಲೇ ಅದೂ ಡಿಎಚ್‌ಸಿಪಿ ಕೇಳುತ್ತದೆ. ಸರ್ವರ್ ಮತ್ತೆ ಐಪಿಎಕ್ಸ್‌ಇ ಫೈಲನ್ನೇ ಕೊಟ್ಟರೆ ಮೆಷಿನ್ ಅದನ್ನೇ ಮತ್ತೆ ಮತ್ತೆ ಲೋಡ್ ಮಾಡುತ್ತಾ ಇರುತ್ತದೆ. ಕೇಳುತ್ತಿರುವುದು ಐಪಿಎಕ್ಸ್‌ಇ ಅಂತ ಅದರ ಡಿಎಚ್‌ಸಿಪಿ ಕೋರಿಕೆಯಲ್ಲಿರುವ ಯೂಸರ್ ಕ್ಲಾಸ್‌ನಿಂದ ಅಥವಾ ಆಪ್ಷನ್ 175ರಿಂದ ಗುರುತಿಸಿ, ಆಗ ಮೆನು ಸ್ಕ್ರಿಪ್ಟ್‌ನ ವಿಳಾಸ ಕೊಡಬೇಕು.

ಇನ್ನು ಮೂರನೆಯದು, ಕರ್ನಲ್ ಬಂದ ಮೇಲೆ ನಿಲ್ಲುವುದು. ಜನ ಜಾಸ್ತಿ ಹೊತ್ತು ಕಳೆಯುವುದು ಇಲ್ಲೇ. ‘ಇಷ್ಟು ದೂರ ಬಂತಲ್ಲ, ನೆಟ್‌ವರ್ಕ್ ಸರಿ ಇದೆ’ ಅಂದುಕೊಂಡು ಬೇರೆಲ್ಲೋ ಹುಡುಕುತ್ತಾರೆ. ಆದರೆ ಕರ್ನಲ್ ಎದ್ದ ಕ್ಷಣದಿಂದ ಹಳೆಯ ನೆಟ್‌ವರ್ಕ್ ಸಂಪರ್ಕ ಮುಗಿಯಿತು. ಕಾರ್ಡ್‌ಗೆ ಲಿನಕ್ಸ್ ಡ್ರೈವರ್ ಬೇಕು, ಲಿಂಕ್ ಹೊಸದಾಗಿ ಏಳಬೇಕು, ಐಪಿ ಇನ್ನೊಮ್ಮೆ ಪಡೆಯಬೇಕು.

ನಿಂತ ಮೆಷಿನ್‌ನಲ್ಲಿ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಅನ್ನುವ ಪ್ರಾಂಪ್ಟ್ ಬಂದಿದ್ದರೆ ನಿಮ್ಮ ಅದೃಷ್ಟ, ಅಲ್ಲೇ ಕೇಳಿ ತಿಳಿಯಬಹುದು. ‘ಸಿಸ್’ ಒಳಗೆ ‘ಕ್ಲಾಸ್’, ಅದರೊಳಗೆ ‘ನೆಟ್’ ಎಂಬ ಫೋಲ್ಡರ್‌ನಲ್ಲಿ ಏನಿದೆ ಅಂತ ಎಲ್‌ಎಸ್ ಕಮಾಂಡ್‌ನಿಂದ ನೋಡಿ. ‘ಎಲ್‌ಒ’ ಒಂದೇ ಇದ್ದರೆ ಕಾರ್ಡ್‌ನ ಡ್ರೈವರ್ ಇನಿಟ್‌ಆರ್‌ಡಿಯಲ್ಲಿ ಇಲ್ಲ. ಅದನ್ನು ಸರ್ವರ್‌ನ ಹಾರ್ಡ್‌ವೇರ್‌ಗೆ ಮಾತ್ರ ಹೊಂದುವಂತೆ ಕಟ್ಟಿದ್ದರೆ ಹೀಗಾಗುತ್ತದೆ. ಇನಿಟ್‌ರ‍್ಯಾಮ್‌ಎಫ್‌ಎಸ್ ಸೆಟ್ಟಿಂಗ್‌ನಲ್ಲಿ ಮಾಡ್ಯೂಲ್ಸ್ ಎಂಬುದರ ಬೆಲೆ ‘ಡೆಪ್’ ಇದ್ದರೆ ‘ಮೋಸ್ಟ್’ ಮಾಡಿ, ಮತ್ತೆ ಕಟ್ಟಿ. ಕಾರ್ಡ್ ಇದೆ, ಐಪಿ ಮಾತ್ರ ಇಲ್ಲ ಅಂದರೆ ಸ್ವಿಚ್ ಕಡೆ ತಿರುಗಿ. ಕಾರ್ಡೂ ಇದೆ, ಐಪಿಯೂ ಇದೆ, ಮೌಂಟ್ ಆಗುತ್ತಿಲ್ಲ ಅಂದರೆ ಎನ್‌ಎಫ್‌ಎಸ್ (ಸರ್ವರ್‌ನ ಫೋಲ್ಡರ್‌ಗಳನ್ನು ನೆಟ್‌ವರ್ಕ್‌ನಲ್ಲಿ ಹಂಚುವ ವ್ಯವಸ್ಥೆ) ಎಕ್ಸ್‌ಪೋರ್ಟ್ ಅಥವಾ ಫೈರ್‌ವಾಲ್ ನೋಡಿ.

ಸ್ವಿಚ್‌ನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಪ್ಯಾನಿಂಗ್ ಟ್ರೀ (ಕೇಬಲ್‌ಗಳು ಸುತ್ತು ಹಾಕಿಕೊಳ್ಳದಂತೆ ಕಾಯುವ ವ್ಯವಸ್ಥೆ) ಆನ್ ಇರುವ ಸ್ವಿಚ್‌ನಲ್ಲಿ ಹೊಸದಾಗಿ ಲಿಂಕ್ ಬಂದ ಪೋರ್ಟ್ ತಕ್ಷಣ ಕೆಲಸ ಶುರು ಮಾಡುವುದಿಲ್ಲ. ಹಳೆಯ ಪದ್ಧತಿಯಲ್ಲಿ 15 ಸೆಕೆಂಡ್ ಆಲಿಸುತ್ತದೆ, 15 ಸೆಕೆಂಡ್ ಕಲಿಯುತ್ತದೆ, ಆಮೇಲೆ ಪ್ಯಾಕೆಟ್ ಬಿಡುತ್ತದೆ. ಪಿಎಕ್ಸ್‌ಇ ತಾಳ್ಮೆಯಿಂದ ಒಂದು ನಿಮಿಷದ ತನಕ ಕೇಳುತ್ತಿರಬಹುದು. ನಂತರ ಐಪಿಎಕ್ಸ್‌ಇ, ಆಮೇಲೆ ಕರ್ನಲ್ ಬಂದಾಗಲೂ ಲಿಂಕ್ ಬಿದ್ದು ಏಳಬಹುದು. ಪ್ರತಿ ಸಲವೂ ಅದೇ 30 ಸೆಕೆಂಡ್. ಅಷ್ಟರಲ್ಲಿ ಇನಿಟ್‌ಆರ್‌ಡಿ ಕೈಚೆಲ್ಲಿರುತ್ತದೆ. ಮೆಷಿನ್‌ಗಳಿಗೆ ಹೋಗುವ ಪೋರ್ಟ್‌ಗಳಲ್ಲಿ ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಪೋರ್ಟ್ ಎಂಬ ಆಯ್ಕೆ ಆನ್ ಮಾಡಿ. ಸ್ಪ್ಯಾನಿಂಗ್ ಟ್ರೀಯನ್ನೇ ಆಫ್ ಮಾಡಬೇಡಿ. ಯಾರಾದರೂ ಒಂದು ಕೇಬಲ್‌ನ ಎರಡೂ ತುದಿಯನ್ನು ಸ್ವಿಚ್‌ಗೇ ಚುಚ್ಚಿದ ದಿನ ಪೂರ್ತಿ ಲ್ಯಾಬ್ ನಿಲ್ಲುತ್ತದೆ. ಪರೀಕ್ಷೆಗೆ ಒಂದು ಸುಲಭ ದಾರಿ ಇದೆ: ನಿಲ್ಲುತ್ತಿರುವ ಮೆಷಿನ್ ಮತ್ತು ಸ್ವಿಚ್ ನಡುವೆ ಒಂದು ಸಾದಾ ಸ್ವಿಚ್ ಹಾಕಿ ನೋಡಿ. ಆಗ ಬೂಟ್ ಆದರೆ ಕಾರಣ ಇದೇ.

ಇನ್ನೂ ಒಂದು ಬಗೆ ಇದೆ. ಡೆಸ್ಕ್‌ಟಾಪ್ ಬರುವ ಹೊತ್ತಿಗೆ, ಎಲ್ಲ ಸರಿ ಹೋಯಿತು ಅನ್ನುವಾಗ ಪರದೆ ಹೆಪ್ಪುಗಟ್ಟುತ್ತದೆ. ಮೌಸ್ ಸ್ವಲ್ಪ ಹೊತ್ತು ಓಡಾಡಿ ಅದೂ ನಿಲ್ಲುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ಎದ್ದು, ಇಂಟರ್‌ಫೇಸ್‌ಅನ್ನು ಕೆಳಗಿಳಿಸಿ ಮತ್ತೆ ಹೊಂದಿಸಲು ಹೋದರೆ ಹೀಗಾಗುತ್ತದೆ. ರೂಟ್ ಫೈಲ್‌ಸಿಸ್ಟಮ್ ಇರುವುದೇ ಆ ಕೇಬಲ್‌ನ ಆಚೆ. ಮತ್ತೆ ಮೇಲೆತ್ತಲು ಬೇಕಾದ ಪ್ರೋಗ್ರಾಮ್ ಕೂಡ ಅಲ್ಲೇ ಸಿಕ್ಕಿಹಾಕಿಕೊಂಡಿತು. ಬೂಟ್ ಆದ ಇಂಟರ್‌ಫೇಸ್ ಮುಟ್ಟಬೇಡ ಅಂತ ಅದಕ್ಕೆ ಹೇಳಿಡಬೇಕು. ಎಲ್‌ಟಿಎಸ್‌ಪಿ ಇದನ್ನು ತಾನೇ ನೋಡಿಕೊಳ್ಳುತ್ತದೆ. ಕೈಯಲ್ಲಿ ಕಟ್ಟುವವರು ಮಾತ್ರ ನೆನಪಿಡಬೇಕು.

ಅದಕ್ಕೇ ನಿಮಗೆ ಎಲ್‌ಟಿಎಸ್‌ಪಿ ಬಳಸಿ ಅನ್ನುವುದು. ಸರ್ವರ್‌ನಲ್ಲಿ ಡೆಸ್ಕ್‌ಟಾಪ್ ಸಮೇತ ಡೆಬಿಯನ್ ಅಥವಾ ಉಬುಂಟು ಹಾಕಿ, ಬೇಕಾದ ಪ್ರೋಗ್ರಾಮ್ ಎಲ್ಲ ಅಲ್ಲೇ ಇನ್‌ಸ್ಟಾಲ್ ಮಾಡಿ. ‘ಎಲ್‌ಟಿಎಸ್‌ಪಿ ಇಮೇಜ್’ ಕಮಾಂಡ್‌ಗೆ ರೂಟ್ ಫೋಲ್ಡರ್ ತೋರಿಸಿದರೆ ಇಡೀ ಸಿಸ್ಟಮ್ ಒಂದು ಸ್ಕ್ವಾಶ್‌ಎಫ್‌ಎಸ್ (ಕುಗ್ಗಿಸಿದ, ಓದಲು ಮಾತ್ರ ಆಗುವ) ಫೈಲ್ ಆಗುತ್ತದೆ. ಕ್ಲೈಂಟ್‌ಗಳು ಎನ್‌ಎಫ್‌ಎಸ್ ಮೂಲಕ ಅದನ್ನು ಓದುತ್ತವೆ. ಬರೆದದ್ದೆಲ್ಲ ಓವರ್‌ಲೇಎಫ್‌ಎಸ್ ಸಹಾಯದಿಂದ ಆ ಮೆಷಿನ್‌ನ ರ‍್ಯಾಮ್‌ನಲ್ಲಿ ಉಳಿಯುತ್ತದೆ, ರೀಬೂಟ್ ಆದರೆ ಹೋಗುತ್ತದೆ. ಯಾರು ಏನು ಕೆಡಿಸಿದರೂ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೊಸದರಂತೆ. ಲ್ಯಾಬ್ ನೋಡಿಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು?

ಪ್ರೋಗ್ರಾಮ್ ಸೇರಿಸಿದಾಗ ಅಥವಾ ಅಪ್‌ಡೇಟ್ ಮಾಡಿದಾಗ ಇಮೇಜ್ ಮತ್ತೆ ಕಟ್ಟಬೇಕು. ಯೂಸರ್ ಸೇರಿಸಿದರೆ, ಸೆಟ್ಟಿಂಗ್ ಫೈಲ್ ಬದಲಿಸಿದರೆ ‘ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ’ ಓಡಿಸಬೇಕು. ‘ಬದಲಿಸಿದೆ, ಕ್ಲೈಂಟ್‌ನಲ್ಲಿ ಬರಲೇ ಇಲ್ಲ’ ಅನ್ನುವ ದೂರುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದ. ಟಿಎಫ್‌ಟಿಪಿಯಲ್ಲಿರುವ ಕರ್ನಲ್ ಮತ್ತು ಇಮೇಜ್ ಒಳಗಿನ ಮಾಡ್ಯೂಲ್‌ಗಳು ಒಂದೇ ಆವೃತ್ತಿಯವು ಆಗಿರಬೇಕು. ಅನುಮಾನ ಬಂದರೆ ‘ಎಲ್‌ಟಿಎಸ್‌ಪಿ ಕರ್ನಲ್’ ಇನ್ನೊಮ್ಮೆ ಓಡಿಸಿ, ನಷ್ಟವೇನಿಲ್ಲ. ಹಳೆಯ ಇಮೇಜ್ ಅಳಿಸಬೇಡಿ. ಹೊಸದರಲ್ಲಿ ಏನಾದರೂ ಎಡವಟ್ಟಾದರೆ ಹಳೆಯದಕ್ಕೆ ಮರಳಲು ಅದು ಬೇಕು. ಮೆಷಿನ್‌ಗಳು ಓಡುತ್ತಿರುವಾಗ ಅವು ಓದುತ್ತಿರುವ ಫೈಲ್‌ನ ಮೇಲೆಯೇ ಇನ್ನೊಂದನ್ನು ಕಾಪಿ ಮಾಡಿದರೆ ಎಲ್ಲವೂ ಒಟ್ಟಿಗೆ ಬೀಳುತ್ತವೆ.

ಸರ್ವರ್ ಎಷ್ಟು ದೊಡ್ಡದು ಅಂತ ಕೇಳಿದ್ದೀರಿ. ಈ ರೀತಿ ಮಾಡಿದರೆ ದೈತ್ಯ ಬೇಕಿಲ್ಲ. 4 ಕೋರ್, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಸಾಕು. ಮೊದಲ ಮೆಷಿನ್ ಓದಿದ ಭಾಗ ಸರ್ವರ್‌ನ ರ‍್ಯಾಮ್ ಕ್ಯಾಶ್‌ನಲ್ಲಿ ಉಳಿಯುತ್ತದೆ, ಉಳಿದ 23ಕ್ಕೆ ಅಲ್ಲಿಂದಲೇ ಹೋಗುತ್ತದೆ. ಇಕ್ಕಟ್ಟು ಬರುವುದು ಕೇಬಲ್‌ನಲ್ಲಿ. ಎಲ್ಲರೂ ಒಟ್ಟಿಗೆ ಆನ್ ಮಾಡಿ, ಒಂದೊಂದು ಮೆಷಿನ್ 400 ಎಂಬಿ ಓದಿತು ಅಂದುಕೊಳ್ಳಿ. ಒಟ್ಟು 9.6 ಜಿಬಿ. ಸರ್ವರ್ ಗಿಗಾಬಿಟ್‌ನಲ್ಲಿದ್ದರೆ ಒಂದೂವರೆ ನಿಮಿಷ. ನಡುವೆ ಎಲ್ಲೋ ಒಂದು ಹಳೆಯ 100 ಮೆಗಾಬಿಟ್ ಸ್ವಿಚ್ ಕೂತಿದ್ದರೆ ಅದೇ ಕೆಲಸಕ್ಕೆ 14 ನಿಮಿಷ. ಹಣ ಖರ್ಚು ಮಾಡುವುದಾದರೆ ಪ್ರೊಸೆಸರ್‌ಗೆ ಮೊದಲು ಸ್ವಿಚ್‌ಗೆ ಮಾಡಿ. ಮೆಷಿನ್‌ನ ಪೋರ್ಟ್ 100 ಮೆಗಾಬಿಟ್ ಇದ್ದರೂ ನಡೆಯುತ್ತದೆ, ಸರ್ವರ್‌ನ ಪೋರ್ಟ್ ಮಾತ್ರ ಗಿಗಾಬಿಟ್ ಇರಲೇಬೇಕು. ವೈಫೈ ಮೇಲೆ ಇದನ್ನು ಮಾಡುವ ಆಸೆ ಬೇಡ.

ಹೋಮ್ ಫೋಲ್ಡರ್ ಬಗ್ಗೆ ಒಂದು ಮಾತು. ಎಲ್‌ಟಿಎಸ್‌ಪಿ ಪಾಸ್‌ವರ್ಡ್ ಪರೀಕ್ಷೆಯನ್ನು ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಸಂಪರ್ಕದ ಮೂಲಕ ಸರ್ವರ್‌ನಲ್ಲೇ ಮಾಡಿಸಿ, ಹೋಮ್ ಫೋಲ್ಡರನ್ನು ಎಸ್‌ಎಸ್‌ಎಚ್‌ಎಫ್‌ಎಸ್‌ನಿಂದ ತರುತ್ತದೆ. ಇದು ಸುರಕ್ಷಿತ, ಆದರೆ ಬ್ರೌಸರ್ ಪ್ರೊಫೈಲ್‌ನಂಥ ಸದಾ ಬರೆಯುವ ಫೈಲ್‌ಗಳಿಗೆ ನಿಧಾನ. ಎನ್‌ಎಫ್‌ಎಸ್ ಹೋಮ್ ಮಾಡಿದರೆ ವೇಗ ಬರುತ್ತದೆ. ಆದರೆ ಸಾದಾ ಎನ್‌ಎಫ್‌ಎಸ್, ಕ್ಲೈಂಟ್ ಹೇಳಿದ ಯೂಸರ್ ಸಂಖ್ಯೆಯನ್ನು ನಂಬುತ್ತದೆ. ಯಾರಾದರೂ ತಮ್ಮ ಲ್ಯಾಪ್‌ಟಾಪ್ ತಂದು ಅದೇ ಕೇಬಲ್‌ಗೆ ಚುಚ್ಚಿ, ತಾನು ಇನ್ನೊಬ್ಬ ಅಂದರೆ ಇನ್ನೊಬ್ಬರ ಫೈಲ್‌ಗಳು ತೆರೆದುಕೊಳ್ಳುತ್ತವೆ. ಲ್ಯಾಬ್ ಬೇರೆ ನೆಟ್‌ವರ್ಕ್‌ನಲ್ಲಿದ್ದು, ಪೋರ್ಟ್‌ಗಳ ಮೇಲೆ ನಿಮಗೆ ಹಿಡಿತ ಇದ್ದರೆ ಮಾತ್ರ ಹಾಗೆ ಮಾಡಿ. ಇಮೇಜ್ ಒಳಗೂ ವೈಫೈ ಪಾಸ್‌ವರ್ಡ್, ಖಾಸಗಿ ಕೀಲಿಗಳನ್ನು ಬಿಡಬೇಡಿ. ನೆಟ್‌ವರ್ಕ್‌ಗೆ ಸೇರಿದ ಯಾರು ಬೇಕಾದರೂ ಆ ಫೈಲ್ ತೆಗೆದು ಓದಬಹುದು.

ಶುರು ಮಾಡುವಾಗ ಎರಡನೇ ಕಾರ್ಡ್‌ಗೆ ಒಂದು ಸಾದಾ ಸ್ವಿಚ್, ಅದಕ್ಕೆ ಒಂದು ಹಳೆಯ ಬಯೋಸ್ ಮೆಷಿನ್, ಇಷ್ಟೇ ಸೇರಿಸಿ. ಅದು ಡೆಸ್ಕ್‌ಟಾಪ್‌ವರೆಗೆ ಬಂದ ಮೇಲೆ ಯುಇಎಫ್‌ಐ ಮೆಷಿನ್ ಒಂದನ್ನು ಸೇರಿಸಿ. ಆಮೇಲೆ ಲ್ಯಾಬಿನ ಸ್ವಿಚ್ ಜೋಡಿಸಿ, ಉಳಿದವನ್ನು ಐದೈದಾಗಿ ತನ್ನಿ. ಹೋಮ್ ಫೋಲ್ಡರ್‌ಗಳೆಲ್ಲ ಈಗ ಒಂದೇ ಡಿಸ್ಕ್‌ನಲ್ಲಿ ಇರುವುದರಿಂದ, ಆರನೇ ಮೆಷಿನ್ ಸೇರಿಸುವ ಮೊದಲೇ ದಿನಾ ರಾತ್ರಿ ಬೇರೆ ಡಿಸ್ಕ್‌ಗೆ ಬ್ಯಾಕಪ್ ಹೋಗುವಂತೆ ಮಾಡಿ, ಅದರಿಂದ ಒಂದು ಫೈಲ್ ವಾಪಸ್ ತೆಗೆದು ನೋಡಿ.